ಕೊಟ್ಟ ಹೆಣ್ಣುಮಕ್ಕಳ ಲೆಕ್ಕ

ಶ್ರೀರಾಂಪುರ, ಮೈಸೂರು
29 ಜೂನ್ 2025

ಪ್ರೀತಿಯ ಅತ್ತೆ,

ಮೊನ್ನೆ ನಿಮ್ಮ ಮನೆಗೆ ಬಂದಾಗ ಕೇಳಬೇಕೆಂದಿದ್ದನ್ನು ಅರ್ಧ ಕೇಳಿ ನಿಲ್ಲಿಸಿದೆ. ನಿಮ್ಮ ಕಿವಿಯ ಮಿಷನ್ ಕುಂಯ್ ಎಂದಿತು, ನಾನು ದನಿ ಏರಿಸಿದೆ, ಅಡುಗೆಮನೆಯಿಂದ ನಿಮ್ಮ ಸೊಸೆ ಸೌಟು ಹಿಡಿದುಕೊಂಡೇ ಇಣುಕಿದಳು. "ಇದು ಕೂಗಿ ಹೇಳೋ ಮಾತಲ್ಲ ಕಣೆ, ಬರೆದು ಕಳಿಸು" ಎಂದಿರಿ. ವಾಟ್ಸಾಪಿನಲ್ಲಿ ಬರೆಯಲೇ ಎಂದರೆ, "ಆ ಫೋನು ನನ್ನ ಹತ್ರ ಇರೋದಕ್ಕಿಂತ ಅಭಿರಾಮನ ಹತ್ರ ಇರೋದೇ ಜಾಸ್ತಿ. ಪೋಸ್ಟಿಗೆ ಹಾಕು" ಎಂದಿರಿ. ಹಾಗಾಗಿ ಊರಿನ ಈ ಮೂಲೆಯಿಂದ ಆ ಮೂಲೆಗೆ ಒಂದು ಕಾಗದ. ನಾನು ಇಂಗ್ಲಿಷ್ ಮೀಡಿಯಮ್ಮಿನವಳು, ಕನ್ನಡದಲ್ಲಿ ಇಷ್ಟುದ್ದ ಬರೆದು ಎಷ್ಟೋ ವರ್ಷವಾಯಿತು. ಹೈಸ್ಕೂಲಿನಲ್ಲಿ ಸೈನ್ಸ್ ಮಿಸ್ ಆಗಿದ್ದವರು ನೀವು, ದಯವಿಟ್ಟು ಕೆಂಪು ಶಾಯಿ ಕೈಗೆತ್ತಿಕೊಳ್ಳಬೇಡಿ.

ವಿಷಯ ಇದು. ಮೇ ತಿಂಗಳಲ್ಲಿ ನನ್ನ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ತೋರಿಸಿದೆ. ಸ್ಕ್ಯಾನ್ ಆಯಿತು, ಸೂಜಿ ಹಾಕಿ ನೋಡಿದರು. ಬರೀ ನೀರುಗಂಟು, ಗಾಬರಿಯಾಗಬೇಡಿ. ಆದರೆ ಡಾಕ್ಟರು, "ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇತ್ತಾ?" ಎಂದು ಕೇಳಿದಾಗ ನಾನು ಯೋಚನೆಯನ್ನೂ ಮಾಡದೆ "ಇಲ್ಲ" ಎಂದೆ. ಆಮೇಲೆ ನಜರ್‌ಬಾದಿಗೆ ಹೋಗಿ ಅಮ್ಮನಿಗೆ ಹೇಳಿದರೆ, ಅವಳು ಹುರುಳಿಕಾಯಿ ನಾರು ತೆಗೆಯುತ್ತಾ, "ಯಾಕೆ, ನಿಮ್ಮತ್ತೆಗೆ, ನಿಮ್ಮಪ್ಪನ ತಂಗಿಗೇ ಆಗಿತ್ತಲ್ಲ" ಎಂದಳು. ನಿಮಗೆ ಕನ್ನಡಕ ಬಂದದ್ದನ್ನು ಹೇಳುವ ಹಾಗೆ.

"ಗರ್ಭಕೋಶದ ಆಪರೇಷನ್ ಅಲ್ವಾ?"

"ಅದು ನಿಮಗೆಲ್ಲ ಹೇಳಿದ್ದು."

ಆಗ ನನಗೆ ಹತ್ತೊಂಬತ್ತು. ಆಸ್ಪತ್ರೆಗೆ ಬಂದು ನಿಮ್ಮನ್ನು ನೋಡಿದ್ದೆ ಕೂಡ. ಕತ್ತಿನವರೆಗೂ ಹೊದಿಕೆ ಹೊದ್ದಿದ್ದಿರಿ.

ಅತ್ತೆ, ನಿಮಗೆ ಆಗಿದ್ದು ಏನು, ಯಾವ ವಯಸ್ಸಿಗೆ? ಈಗ ರಕ್ತ ನೋಡಿ, ಇದು ವಂಶದಲ್ಲಿ ಬರುವಂಥದ್ದೋ ಅಲ್ಲವೋ ಹೇಳುವ ಪರೀಕ್ಷೆ ಇದೆಯಂತೆ. ಮಾಡಿಸಿಕೊಳ್ಳಬೇಕೋ ಬೇಡವೋ ನನಗೆ ತಿಳಿಯುತ್ತಿಲ್ಲ. ಭಯಕ್ಕಿಂತ ಕುತೂಹಲವೇ ಹೆಚ್ಚಾಗಿದೆ. ಅದು ಸರಿಯೋ ತಪ್ಪೋ, ಅದೂ ಗೊತ್ತಿಲ್ಲ.

ನಿಮ್ಮ
ಸುಚಿ


ಸರಸ್ವತಿಪುರಂ
10 ಜುಲೈ 2025

ಚಿ. ಸುಚಿತ್ರಾಗೆ ಆಶೀರ್ವಾದಗಳು.

ಕಾಗದ ಬಂತು. ಪೋಸ್ಟ್‌ಮನ್ ಗೇಟಿನ ಡಬ್ಬಿಗೆ ಹಾಕದೆ ಬೆಲ್ ಮಾಡಿ ಕೈಗೇ ಕೊಟ್ಟ. ಯಾರಾದರೂ ತೀರಿಕೊಂಡರೇನೋ ಎಂಬ ಮುಖ ಮಾಡಿದ್ದ. ಕೆಂಪು ಶಾಯಿ ಮುಟ್ಟಿಲ್ಲ. ಪೆನ್ಸಿಲ್ ಬಳಸಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ. ಎಡಗಡೆ. ನಲವತ್ತೆಂಟು. ಪೂರ್ತಿ ತೆಗೆದರು. ಆಮೇಲೆ ತಿಂಗಳುಗಟ್ಟಲೆ ಔಷಧಿ ಏರಿಸಿದರು, ಕೂದಲು ಹೋಯಿತು. ಸ್ಕೂಲಿಗೆ ಮರಳಿದಾಗ ತಿರುಪತಿಗೆ ಹೋಗಿದ್ದೆ ಎಂದೆ. ಹತ್ತನೇ ಕ್ಲಾಸಿನ ಒಬ್ಬಳು ಎದ್ದು ನಿಂತು, "ಮಿಸ್, ತಿರುಪತೀಲಿ ಹುಬ್ಬೂ ತೆಗೀತಾರಾ?" ಎಂದಳು. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಆ ವರ್ಷ ಬೇರೆ ಯಾರೂ ಇಷ್ಟು ನೇರವಾಗಿ ಕೇಳಲಿಲ್ಲ.

ಗರ್ಭಕೋಶ ಎಂದು ಹೇಳಿದ್ದು ನಾನಲ್ಲ. ಆದರೆ ಬೇಡ ಎಂದೂ ಹೇಳಲಿಲ್ಲ. ಎದೆ ಎಂಬ ಮಾತನ್ನು ನಿನ್ನಪ್ಪನ ಎದುರು ಆಡುವವರು ಯಾರು? ಗರ್ಭಕೋಶವಾದರೆ ಒಳಗಿನದು, ಯಾರ ಕಣ್ಣೂ ಅತ್ತ ಹೋಗುವುದಿಲ್ಲ.

ಈಗ ನನ್ನ ಪ್ರಶ್ನೆಗಳು. ಎತ್ತರದ ಬಟಾಣಿ, ಗಿಡ್ಡ ಬಟಾಣಿ ಎಂದು ಮೂವತ್ತು ವರ್ಷ ಅನುವಂಶೀಯತೆಯ ಪಾಠ ಮಾಡಿದವಳು ನಾನು. ಆ ಪಾಠವನ್ನು ನನ್ನ ಮೈಮೇಲೆ ಹಾಕಿ ನೋಡಬೇಕೆಂದು ಒಮ್ಮೆಯೂ ಹೊಳೆಯಲಿಲ್ಲ. ರಕ್ತದಲ್ಲಿ ಏನನ್ನು ನೋಡುತ್ತಾರೆ? ಅದು ಏನು ಕೆಟ್ಟಿರುತ್ತದೆ? ನಾನು ನಿನಗೆ ತಂದೆಯ ಕಡೆಯವಳು. ಹೆಂಗಸರ ಈ ಕಾಯಿಲೆ ಗಂಡಸಿನ ಮೂಲಕ ದಾಟುತ್ತದೆಯೆ? ಸರಿಯಾಗಿ ವಿಚಾರಿಸಿ ಬರೆ. ಇಂಟರ್ನೆಟ್ಟಿನಲ್ಲಿ ನೋಡಿದ್ದನ್ನು ಬರೆಯಬೇಡ.

ಭಾನುಮತಿ ಅತ್ತೆ


ಶ್ರೀರಾಂಪುರ
3 ಆಗಸ್ಟ್ 2025

ಪ್ರೀತಿಯ ಅತ್ತೆ,

ವಿಚಾರಿಸಿದೆ. ಡಾ. ರಂಜನಿ ಎಂದು, ವಂಶವಾಹಿಗಳ ವಿಷಯದಲ್ಲಿ ಸಲಹೆ ಕೊಡುವವರು, ವಾರಕ್ಕೆರಡು ದಿನ ಇಲ್ಲಿನ ಆಸ್ಪತ್ರೆಗೆ ಬರುತ್ತಾರೆ. ಬಹಳ ಚಿಕ್ಕವರು. ನಿಮ್ಮ ಪ್ರಶ್ನೆಗಳನ್ನು ಓದಿ ಹೇಳಿದೆ. "ಇವರನ್ನು ನಾನು ನೋಡಬೇಕಲ್ಲ" ಎಂದರು.

ನಮ್ಮ ಮೈಯ ಕೋಶಗಳಲ್ಲಿ ದಿನವೂ ಏನಾದರೂ ಕೆಡುತ್ತಿರುತ್ತದಂತೆ. ಅದನ್ನು ಸರಿಮಾಡುವ ಕೆಲಸಕ್ಕೆಂದೇ ಕೆಲವು ವಂಶವಾಹಿಗಳಿವೆ. ಪ್ರತಿಯೊಂದೂ ಜೋಡಿ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಕೆಲವರಿಗೆ ಆ ಜೋಡಿಯಲ್ಲಿ ಒಂದು ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಅಂಥವರಿಗೆ ಕ್ಯಾನ್ಸರ್ ಬಂದೇ ಬರುತ್ತದೆ ಎಂದಲ್ಲ, ಬರುವ ಸಾಧ್ಯತೆ ಬೇರೆಯವರಿಗಿಂತ ಬಹಳ ಹೆಚ್ಚು. ಗಂಡಸಿನಲ್ಲೂ ಇರಬಹುದು. ಅವನಿಗೆ ಜೀವಮಾನವೆಲ್ಲ ಏನೂ ಆಗದೆ ಮಗಳಿಗೆ ದಾಟಿಸಬಹುದು. ದಾಟುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮ ಬಟಾಣಿಯ ಹಾಗೇ.

ಅವರು ನನ್ನ ಕೈಗೆ ಒಂದು ಹಾಳೆ ಕೊಟ್ಟು ಸಂಸಾರದ ಚಿತ್ರ ಬರೆಯಿರಿ ಎಂದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಕಾಯಿಲೆ ಬಂದವರಿಗೆ ಕಪ್ಪು. ಅರಮನೆ ಕಚೇರಿಯಲ್ಲಿದ್ದ ಮುತ್ತಾತನ ತಂದೆಯವರೆಗೂ ಚೌಕಗಳನ್ನು ಸರಸರನೆ ತುಂಬಿದೆ. ವೃತ್ತಗಳಲ್ಲಿ ಹೆಸರೇ ಇಲ್ಲ. ಮೃಗಾಲಯದ ಆಫೀಸಿನಲ್ಲಿ ನನ್ನ ಕೆಲಸ ಏನು ಅತ್ತೆ? ಯಾವ ಪ್ರಾಣಿಗೆ ತಾಯಿ ಯಾರು, ಅಜ್ಜಿ ಯಾರು, ಯಾವುದರಿಂದ ಸತ್ತಿತು ಎಂದು ಬರೆದಿಡುವುದು. ಇದನ್ನು ಹೇಳಿದರೆ ಅಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಚಿಕ್ಕಮಾದಯ್ಯ, "ನಮ್ಮನ್ನೂ ಒಂದು ಬೋನಿಗೆ ಆಕ್ಬುಡಿ ಮೇಡಂ, ಆಗ ನಮ್ಮವ್ವನ ಎಸ್ರೂ ಬರ್ಕೊತೀರಿ" ಎಂದು ನಗುತ್ತಾನೆ.

ಇನ್ನು ಮುಖ್ಯವಾದದ್ದು. ರಂಜನಿ ಹೇಳಿದರು: "ನಿಮ್ಮಿಂದ ಶುರು ಮಾಡೋದು ಬೇಡ. ಕಾಯಿಲೆ ಬಂದವರಿಂದ ಶುರು ಮಾಡೋಣ." ನನ್ನ ರಕ್ತದಲ್ಲಿ ಏನೂ ಸಿಗಲಿಲ್ಲ ಎನ್ನಿ. ಮನೆಯಲ್ಲೇ ಇಲ್ಲವೋ, ಇದ್ದದ್ದು ನನಗೆ ಬರಲಿಲ್ಲವೋ, ಗೊತ್ತಾಗುವುದಿಲ್ಲ. ನಿಮ್ಮಲ್ಲಿ ಸಿಕ್ಕರೆ ಏನನ್ನು ಹುಡುಕಬೇಕೆಂದು ಅವರಿಗೆ ಗೊತ್ತಾಗುತ್ತದೆ.

ನೀವು ರಕ್ತ ಕೊಡುತ್ತೀರಾ ಅತ್ತೆ?

ಸುಚಿ


ಸರಸ್ವತಿಪುರಂ
24 ಆಗಸ್ಟ್ 2025

ಚಿ. ಸುಚಿತ್ರಾ,

ಇಲ್ಲ.

ನನ್ನದು ಮುಗಿದ ಕಥೆ. ಆದರೆ ನನ್ನ ರಕ್ತ ಬಾಯಿ ಬಿಟ್ಟರೆ ನನ್ನಿಬ್ಬರು ಮಕ್ಕಳ ಬಗ್ಗೆಯೂ ಹೇಳುತ್ತದೆ, ಅಭಿರಾಮನ ಬಗ್ಗೆ, ಲಹರಿಯ ಬಗ್ಗೆ. ಲಹರಿಗೆ ನಲವತ್ತು. ಮಂಡ್ಯದಲ್ಲಿ ಅವಳ ಪಾಡಿಗೆ ಬ್ಯಾಂಕು, ಮಕ್ಕಳು, ಗಿಡಗಳು ಎಂದು ಇದ್ದಾಳೆ. ನನ್ನ ಆಪರೇಷನ್ ಆದಾಗ ಗಾಯ ಒರೆಸಿದ್ದು ಹದಿನೈದು ವರ್ಷದ ಅವಳೇ. ಕೇಳದವಳಿಗೆ ಇದನ್ನೂ ಯಾಕೆ ಹೇಳಿಸಲಿ?

ಕೋಪ ಮಾಡಿಕೊಳ್ಳಬೇಡ. ಚೌಕ, ವೃತ್ತದ ವಿಷಯ ಬರೆದದ್ದು ಬಹಳ ಚೆನ್ನಾಗಿತ್ತು.

ಅತ್ತೆ


ಶ್ರೀರಾಂಪುರ
16 ಸೆಪ್ಟೆಂಬರ್ 2025

ಪ್ರೀತಿಯ ಅತ್ತೆ,

ಕೋಪವಿಲ್ಲ. ನೀವು ಬೇಡವೆಂದಿದ್ದನ್ನು ಮತ್ತೆ ಕೇಳುವುದೂ ಇಲ್ಲ. ಆದರೆ ನಿನ್ನೆ ಸಿಕ್ಕಿದ್ದನ್ನು ನಿಮಗಲ್ಲದೆ ಇನ್ನು ಯಾರಿಗೆ ಹೇಳಲಿ?

ನಿನ್ನೆ ಅವಿಧವಾ ನವಮಿ. ಗಂಡನಿಗಿಂತ ಮೊದಲು ಹೋದ ಹೆಂಗಸರನ್ನು ನೆನೆದು, ಅವರ ಹೆಸರಿನಲ್ಲಿ ಒಬ್ಬ ಮುತ್ತೈದೆಗೆ ಎಲೆ ಹಾಕಿ ಬಡಿಸುವ ದಿನ. ಆ ಗಂಡನೂ ಹೋದ ಮೇಲೆ ಎಷ್ಟೋ ಮನೆಗಳಲ್ಲಿ ಇದನ್ನು ನಿಲ್ಲಿಸುತ್ತಾರಂತೆ. ಅಜ್ಜ ಹೋದ ಮೇಲೂ ನಾವು ನಿಲ್ಲಿಸಿಲ್ಲ ಎಂಬುದು ಅಪ್ಪನ ಹೆಮ್ಮೆ. ಈ ಸಲ ನಾನು ಆಫೀಸಿಗೆ ರಜೆ ಹಾಕಿ ನಜರ್‌ಬಾದಿಗೆ ಹೋಗಿ ಹತ್ತಿರದಲ್ಲೇ ಕುಳಿತೆ. ಅಪ್ಪ ಹೆಸರು ಹೇಳಿದ ಹಾಗೆಲ್ಲ ಬರೆದುಕೊಂಡೆ.

"ಏನೇ ಅದು ಗೀಚ್ಕೊತಿರೋದು?" ಎಂದು ಅಮ್ಮ ಕೇಳಿದಳು.

"ಹೆಸರು."

"ಯಾರದ್ದು?"

"ಬೇಗ ಸತ್ತವರದ್ದು."

"ಎಲೆ ಹಾಕೋ ಹೊತ್ತಲ್ಲಿ ಎಂಥ ಮಾತೇ ಅದು!"

ಊಟವಾದ ಮೇಲೆ ಅಪ್ಪ ಅಡಿಕೆಪುಡಿ ಬಾಯಿಗೆ ಹಾಕಿಕೊಂಡು, "ನಮ್ಮನೆ ಹೆಂಗಸರು ಪುಣ್ಯ ಮಾಡಿದ್ರು ಕಣಮ್ಮ. ಒಬ್ಬರೂ ಕುಂಕುಮ ಅಳಿಸ್ಕೊಳ್ಳಲಿಲ್ಲ" ಎಂದರು.

"ಯಾವ ವಯಸ್ಸಿಗೆ ಹೋದ್ರಪ್ಪ?"

"ಅದನ್ನ ಯಾರು ಕೇಳ್ತಾರೆ."

"ಏನಾಗಿ?"

ಅಪ್ಪ ನನ್ನನ್ನೇ ನೋಡಿದರು. "ಮಜ್ಜಿಗೆ ಕುಡಿದ್ಯಾ?" ಎಂದರು.

ಮೂರು ಹೆಸರು ಅತ್ತೆ. ಮುತ್ತಜ್ಜಿ, ಅಜ್ಜನ ಮೊದಲ ಹೆಂಡತಿ, ಆಮೇಲೆ ನಮ್ಮಜ್ಜಿ. ಪ್ರತಿ ವರ್ಷ ನಾವು ಪುಣ್ಯವೆಂದು ಕೈಮುಗಿಯುವುದು ಈ ಕಾಯಿಲೆಗೇ ಇರಬಹುದಲ್ಲವೆ? ನೀವು ನಾಲ್ಕನೆಯವರು, ಬದುಕಿ ಉಳಿದವರು. ಮೂರು ವೃತ್ತಗಳನ್ನೂ ಕಪ್ಪು ಮಾಡಿ ರಂಜನಿಯವರಿಗೆ ಕೊಡುತ್ತಿದ್ದೇನೆ. ಹೀಗೆ ಹೇಳಬಾರದು, ಆದರೂ ಹೇಳುತ್ತೇನೆ: ನಿನ್ನೆ ನನಗೆ ಒಂಥರಾ ಖುಷಿಯಾಯಿತು.

ಇನ್ನೊಂದು. ಎಲೆಗೆ ಕೂತವರು ಪಕ್ಕದ ಬೀದಿಯ ಹೆಂಗಸು. ನಾನು ಚಿಕ್ಕವಳಿದ್ದಾಗ ನೀವೇ ಕೂರುತ್ತಿದ್ದಿರಿ. ಈಗ ಯಾಕೆ ಬರುವುದಿಲ್ಲ?

ಸುಚಿ


ಸರಸ್ವತಿಪುರಂ
22 ಸೆಪ್ಟೆಂಬರ್ 2025

ಚಿ. ಸುಚಿತ್ರಾ,

ಪೂರ್ತಿ ತಪ್ಪು. ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಕೊಟ್ಟು ಮುಂದಿನ ಬೆಂಚಿಗೆ ಕೂರಿಸುತ್ತಿದ್ದೆ. ಆ ಹಾಳೆಯನ್ನು ರಂಜನಿಗೆ ಕೊಡಬೇಡ.

ಯಾರನ್ನು ಎಣಿಸಿದ್ದೀಯ ನೋಡು. ಮೂವರೂ ಹೊರಗಿನಿಂದ ಬಂದ ಸೊಸೆಯರು. ಅಪ್ಪನ ಮೊದಲ ಹೆಂಡತಿ ನಂಜನಗೂಡಿನವರು, ಮಕ್ಕಳಾಗಲಿಲ್ಲ. ಅವರ ರಕ್ತ ನಮ್ಮಲ್ಲಿ ಒಂದು ಹನಿಯೂ ಇಲ್ಲ. ನಮ್ಮಮ್ಮ ಹೋದದ್ದು ಕಾಮಾಲೆಯಿಂದ, ಪಕ್ಕದಲ್ಲಿ ನಾನೇ ಇದ್ದೆ. ಮುತ್ತಜ್ಜಿ ಹೆರಿಗೆಯಲ್ಲಿ. ಒಂದು ವೃತ್ತವನ್ನೂ ಕಪ್ಪು ಮಾಡುವ ಹಾಗಿಲ್ಲ.

ನಮ್ಮ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಹೆಸರನ್ನು ನಿನ್ನಪ್ಪ ಯಾಕೆ ಹೇಳುತ್ತಾನೆ? ಅವರನ್ನು ಕೊಟ್ಟಾಯಿತು. ಅವರ ಹೆಸರನ್ನು ಕೊಟ್ಟ ಮನೆಯಲ್ಲಿ, ಆ ಗೋತ್ರದವರು ಹೇಳುತ್ತಾರೆ. ಆದರೆ ನಿನ್ನ ಲೆಕ್ಕಕ್ಕೆ ಬೇಕಾದವರು ಅವರೇ.

ನಿನ್ನಜ್ಜನಿಗೆ ಇಬ್ಬರು ತಂಗಿಯರು. ತುಂಗಮ್ಮನನ್ನು ತಲಕಾಡಿಗೆ ಕೊಟ್ಟಿದ್ದರು, ಚೆಲುವಮ್ಮನನ್ನು ಹಾಸನಕ್ಕೆ. ತುಂಗಮ್ಮತ್ತೆ ಚಿಕಿತ್ಸೆಗೆಂದು ನಜರ್‌ಬಾದಿನ ಮನೆಗೆ ಬಂದು ಹಿಂದಿನ ಕೋಣೆಯಲ್ಲಿದ್ದರು. ನನಗೆ ಏಳೋ ಎಂಟೋ. ಕೋಣೆಯಲ್ಲಿ ಬೇವಿನ ಸೊಪ್ಪು, ಅರಿಶಿನ, ಅವುಗಳ ಅಡಿಯಲ್ಲಿ ಇನ್ನೊಂದು ವಾಸನೆ. ಸೆರಗನ್ನು ಎದೆಗೆ ಒತ್ತಿ ಹಿಡಿದೇ ನನಗೆ ಕಲ್ಲುಸಕ್ಕರೆ ಕೊಟ್ಟರು. "ಎದೆಗೆ ಹುಣ್ಣಾಗಿದೆ" ಎಂದು ಅಮ್ಮ ಯಾರಿಗೋ ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡೆ. ಅವರಿಗೆ ನಲವತ್ತೂ ಆಗಿರಲಿಲ್ಲ. ಹೋದಾಗ ಹಸಿರು ಬಳೆ ತೊಡಿಸಿದರು, ಎಂಥ ಪುಣ್ಯವಂತೆ ಎಂದರು. ಚೆಲುವಮ್ಮತ್ತೆಗೂ ಅದೇ ಎಂದು ದೊಡ್ಡವಳಾದ ಮೇಲೆ ಕೇಳಿದ್ದು. ಈಗ ಆ ಎರಡು ವೃತ್ತ ಬರೆದು ಕಪ್ಪು ಮಾಡು. ಮೂರನೆಯದು ನಾನು.

ನಾನು ಯಾಕೆ ಬರುವುದಿಲ್ಲ ಎಂದು ಕೇಳಿದ್ದೀಯ. ಆಪರೇಷನ್ ಆದ ವರ್ಷ ಕರೆ ಬರಲಿಲ್ಲ. ಅಂಗದಲ್ಲಿ ಊನ ಇರುವವರು ಆ ಎಲೆಗೆ ಕೂರಬಾರದೆಂದು ಯಾರೋ ಹೇಳಿದರಂತೆ. ಯಾರು ಎಂದು ನಾನು ಕೇಳಲಿಲ್ಲ. ಅಣ್ಣನೂ ಹೇಳಲಿಲ್ಲ. ಮುಂದಿನ ವರ್ಷವೂ ಕರೆಯಲಿಲ್ಲ, ಆಮೇಲೆ ಅದೇ ರೂಢಿಯಾಯಿತು. ಸತ್ತಿದ್ದರೆ ನನ್ನನ್ನೂ ಪುಣ್ಯವಂತೆ ಎನ್ನುತ್ತಿದ್ದರು. ಇದನ್ನು ನಿನ್ನಪ್ಪನಿಗೆ ಓದಿ ಹೇಳಬೇಡ.

ಇದನ್ನೆಲ್ಲ ಬರೆಯಬಾರದಿತ್ತು. ನಾಲ್ಕು ದಿನದಿಂದ ತುಂಗಮ್ಮತ್ತೆ ಮನಸ್ಸು ಬಿಟ್ಟು ಹೋಗುತ್ತಿಲ್ಲ. ಅವರಿಂದ ನನಗೆ ನೇರವಾಗಿ ಬರುವ ಹಾಗಿಲ್ಲ. ನಡುವೆ ನಮ್ಮಪ್ಪ ಇದ್ದಾರೆ. ಎಂಬತ್ತೆರಡರವರೆಗೆ ಒಂದು ನೆಗಡಿಯೂ ಇಲ್ಲದೆ ಬದುಕಿದ ನಮ್ಮಪ್ಪ! ಪಾಠವನ್ನು ಅರ್ಧಕ್ಕೆ ನಿಲ್ಲಿಸಿ ಬೆಲ್ ಹೊಡೆದ ಹಾಗಾಗಿದೆ ನನಗೆ.

ರಕ್ತ ಕೊಡುತ್ತೇನೆ. ಲಹರಿಗೆ ಹೇಳುವ ಕೆಲಸ ನನ್ನದು, ಯಾವಾಗ ಎಂಬುದೂ ನನ್ನದು.

ಅತ್ತೆ


ಸರಸ್ವತಿಪುರಂ
13 ನವೆಂಬರ್ 2025

ಚಿ. ಸುಚಿತ್ರಾ,

ವರದಿ ತೆಗೆದುಕೊಳ್ಳಲು ನಿನ್ನ ಮಾವನ ಜೊತೆ ಹೋಗಿದ್ದೆ. ರಕ್ತ ಕೊಡುವ ದಿನ ಪಕ್ಕದಲ್ಲೇ ಕೂತಿದ್ದವಳು ನೀನು. ಈ ಸಲ ರಜೆ ಸಿಗಲಿಲ್ಲವೆಂದು ಅಭಿರಾಮನ ಫೋನಿಗೆ ತಿಳಿಸಿದ್ದೀಯ. ಇರಲಿ.

ರಂಜನಿ ಒಳ್ಳೆಯ ಹುಡುಗಿ. ನನ್ನ ಕಿವಿಯ ಕಥೆ ಗೊತ್ತಲ್ಲ, ಕೂಗಲಿಲ್ಲ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ "ಇದೆ" ಎಂದು ಬರೆದು ನನ್ನ ಕಡೆ ತಿರುಗಿಸಿದಳು. ನಾನು "ಎಲ್ಲಿ, ತೋರಿಸು" ಎಂದೆ. ವರದಿಯಲ್ಲಿ ಅದರ ಹೆಸರು, ನಂಬರು ಎಲ್ಲ ಇದೆ. ಇಷ್ಟು ವರ್ಷ ಮೈಯಲ್ಲಿಟ್ಟುಕೊಂಡು ಓಡಾಡಿದ್ದಕ್ಕೆ ಕೊನೆಗೂ ಒಂದು ಹೆಸರು. ನನಗೆ ಅಳು ಬರಲಿಲ್ಲ. ನಿನ್ನ ಮಾವನೇ ಕನ್ನಡಕ ಒರೆಸಿಕೊಂಡರು.

ಅಣ್ಣನಿಗೆ ಇರುವ ಸಾಧ್ಯತೆ ಅರ್ಧ. ಅವನಿಗೆ ಇದ್ದರೆ ನಿನಗೂ ಅರ್ಧ. ಈಗ ಏನು ಹುಡುಕಬೇಕೆಂದು ಅವರಿಗೆ ಗೊತ್ತಿರುವುದರಿಂದ ನಿನ್ನದು ಸುಲಭವಂತೆ. ಯಾವಾಗ ಹೋಗುತ್ತೀಯ?

ಅತ್ತೆ


ಸರಸ್ವತಿಪುರಂ
15 ಡಿಸೆಂಬರ್ 2025

ಸುಚಿತ್ರಾ,

ಕಾಗದ ಇಲ್ಲ. ನಿನ್ನ ಅಮ್ಮನನ್ನು ಕೇಳಿದರೆ ಚೆನ್ನಾಗಿದ್ದಾಳೆ ಎನ್ನುತ್ತಾರೆ. ಕೇಳಿದವಳು ನೀನು, ಕೊಟ್ಟವಳು ನಾನು, ಈಗ ಸುಮ್ಮನಿರುವವಳೂ ನೀನೇ.

ನಾನೂ ಇನ್ನೂ ಲಹರಿಗೆ ಹೇಳಿಲ್ಲ. ಹಾಗಾಗಿ ನಿನ್ನನ್ನು ಬೈಯುವ ಹಕ್ಕು ನನಗೆ ಅರ್ಧ ಮಾತ್ರ. ಬೈದಾಯಿತು.

ಅತ್ತೆ


ಶ್ರೀರಾಂಪುರ
28 ಡಿಸೆಂಬರ್ 2025

ಪ್ರೀತಿಯ ಅತ್ತೆ,

ಬೈದದ್ದು ಸಾಕಾಗಲಿಲ್ಲ.

ಆಸ್ಪತ್ರೆಯವರೆಗೆ ಹೋಗಿದ್ದೆ. ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ವಾಪಸ್ಸು ಬಂದೆ. ಗಂಡನೆಂದು ವಾಗೀಶ ಏನೂ ಒತ್ತಾಯ ಮಾಡುವುದಿಲ್ಲ. "ಗೊತ್ತಾದ್ರೆ ಏನ್ ಮಾಡ್ತೀಯ ಅಂತ ಮೊದಲು ಯೋಚಿಸು" ಎಂದರು, ಅಷ್ಟೇ. ಯೋಚಿಸಿದೆ. ವರ್ಷಕ್ಕೊಮ್ಮೆ ದೊಡ್ಡ ಸ್ಕ್ಯಾನಿನ ಒಳಗೆ ಮಲಗುವುದು. ಅಥವಾ ಏನೂ ಆಗದಿರುವಾಗಲೇ ಎದೆ ತೆಗೆಸುವುದು, ಅಲ್ಲಿಗೂ ಬರಬಹುದೆಂದು ಅಂಡಾಶಯವನ್ನೂ. ಆಮೇಲೆ ಮಗಳು, ವಿಭಾ. ಅವಳಿಗೆ ಹದಿನೇಳು, ಈಗ ಅವಳ ತಲೆಯಲ್ಲಿರುವುದು ಪಿಯುಸಿ ಪರೀಕ್ಷೆ ಮಾತ್ರ. ನನ್ನ ಉತ್ತರ ಅವಳಿಗೆ ಪ್ರಶ್ನೆಯಾಗುತ್ತದೆ. ಆಗಸ್ಟಿನಲ್ಲಿ ನೀವು ಲಹರಿಯ ಬಗ್ಗೆ ಬರೆದಾಗ ಇದು ನನಗೆ ಅರ್ಥವಾಗಿದೆ ಎಂದುಕೊಂಡಿದ್ದೆ. ಆಗಿರಲಿಲ್ಲ. ಬೇರೆಯವರ ರಕ್ತದ ಬಗ್ಗೆ ಇದ್ದ ಕುತೂಹಲ ನನ್ನದರ ಹತ್ತಿರ ಬಂದ ಕೂಡಲೇ ಯಾಕೆ ಬಾಗಿಲು ಹಾಕಿಕೊಂಡಿತೋ.

ಅಪ್ಪನಿಗೆ ನಿಮ್ಮ ವರದಿಯ ವಿಷಯ ಹೇಳಿದೆ. ಹೇಳಬಾರದೆಂದು ನೀವು ಅಂದದ್ದು ಎಲೆಯ ವಿಷಯ, ಅದನ್ನು ಹೇಳಿಲ್ಲ. "ಅದು ಹೆಂಗಸರ ಕಾಯಿಲೆ ಅಲ್ವೇನಮ್ಮ, ನನ್ನಿಂದ ಹೇಗೆ ಬರುತ್ತೆ?" ಎಂದರು. ಕ್ಯಾಲೆಂಡರಿನ ಹಿಂಬದಿಗೆ ಚಿತ್ರ ಬರೆದು ತೋರಿಸಿದೆ.

"ಈ ಚೌಕ ನಾನಾ?"

"ಹೌದಪ್ಪ."

"ಮೇಲಿನದು ನಮ್ಮಪ್ಪ."

"ಹೌದು."

ಅಪ್ಪ ಅಜ್ಜನ ಚೌಕದ ಪಕ್ಕದ ಕಪ್ಪು ವೃತ್ತದ ಮೇಲೆ ಬೆರಳಿಟ್ಟರು. ಅಲ್ಲಿ ನಾನು ಇನ್ನೂ ಹೆಸರು ಬರೆದಿರಲಿಲ್ಲ. "ತುಂಗಮ್ಮತ್ತೆ" ಎಂದರು. ಎದ್ದು ಒಳಗೆ ಹೋದರು.

ಸುಚಿ


ನಜರ್‌ಬಾದ್
8 ಜನವರಿ 2026

ಚಿ. ಸೌ. ಭಾನುಮತಿಗೆ ಅಣ್ಣ ಲಕ್ಷ್ಮೀನರಸಿಂಹನು ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀವಿಬ್ಬರೂ ಕಾಗದ ಬರೆದುಕೊಳ್ಳುತ್ತಿರುವ ವಿಷಯ ತಿಳಿಯಿತು. ಹಾಗಾಗಿ ನಾನೂ ಬರೆಯುತ್ತಿದ್ದೇನೆ.

ಸುಚಿತ್ರಾಳಲ್ಲಿ ಹುಡುಕುವ ಮೊದಲು ನನ್ನಲ್ಲಿ ಹುಡುಕಲು ಆಗುತ್ತದೆಯೇ ಎಂದು ಆ ಡಾಕ್ಟರನ್ನು ಕೇಳಿದೆ. ಆಗುತ್ತದೆ ಎಂದರು. ನನ್ನಲ್ಲಿ ಇಲ್ಲದಿದ್ದರೆ ಮಗು ಸೂಜಿ ಚುಚ್ಚಿಸಿಕೊಳ್ಳುವ ಅಗತ್ಯವೇ ಇಲ್ಲವಂತೆ. ಎಪ್ಪತ್ತೇಳರಲ್ಲಿ ಇದೆಲ್ಲ ಯಾಕೆ ಎಂದು ನಿನ್ನ ಅತ್ತಿಗೆ ಕೇಳುತ್ತಾಳೆ. ನನ್ನಿಂದ ದಾಟಿದ್ದರೆ ನನಗೆ ಮೊದಲು ಗೊತ್ತಾಗಲಿ.

ನಿನ್ನ ವರದಿಯ ಪ್ರತಿ ಬೇಕಂತೆ. ಅಭಿರಾಮನ ಕೈಯಲ್ಲಿ ಕಳಿಸಬೇಡ. ಭಾನುವಾರ ನಾನೇ ಬರುತ್ತೇನೆ.

ತುಂಗಮ್ಮತ್ತೆಯ ಕೋಣೆಗೆ ಮಕ್ಕಳು ಹೋಗಬಾರದೆಂದು ನನ್ನನ್ನು ಬಾಗಿಲಲ್ಲಿ ಕಾವಲು ಕೂರಿಸಿದ್ದರು. ನೀನು ನನ್ನ ಕಾಲ ಸಂದಿಯಲ್ಲಿ ನುಸುಳಿ ಒಳಗೆ ಹೋದೆ. ಅವರು ನನ್ನನ್ನೂ ಕರೆದರು. ನಾನು ಹೋಗಲಿಲ್ಲ.

ಲಕ್ಷ್ಮೀನರಸಿಂಹ


ಶ್ರೀರಾಂಪುರ
22 ಫೆಬ್ರವರಿ 2026

ಪ್ರೀತಿಯ ಅತ್ತೆ,

ಅಪ್ಪ ನಿಮಗೆ ಹೇಳಿದ್ದಾರೆ, ಗೊತ್ತು. ಆದರೆ ಹೇಗೆ ಹೇಳಿದರೋ, ಎಷ್ಟು ಹೇಳಿದರೋ. ನಾನು ನೋಡಿದ್ದನ್ನು ಬರೆಯುತ್ತೇನೆ.

ಶುಕ್ರವಾರ ನಾವು ಮೂವರೂ ಹೋಗಿದ್ದೆವು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು, ಸಂದರ್ಶನಕ್ಕೆ ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ರಂಜನಿ ಸುತ್ತು ಬಳಸಲಿಲ್ಲ. "ನಿಮ್ಮಲ್ಲಿ ಅದು ಇಲ್ಲ ಸಾರ್. ಹಾಗಾಗಿ ನಿಮ್ಮ ಮಗಳಿಗೆ ನಿಮ್ಮಿಂದ ಬಂದಿರೋಕೆ ಸಾಧ್ಯವಿಲ್ಲ, ಮೊಮ್ಮಗಳಿಗೂ ಇಲ್ಲ. ಎಲ್ಲ ಹೆಂಗಸರ ಹಾಗೆ ಆಗಾಗ ತಪಾಸಣೆ ಮಾಡಿಸಿಕೊಂಡ್ರೆ ಸಾಕು" ಎಂದರು. ಅಮ್ಮ ಅಲ್ಲೇ ಕಣ್ಣು ಮುಚ್ಚಿ ಕೈಮುಗಿದಳು. ನನ್ನ ಹೆಗಲಿನಿಂದ ಏನೋ ಇಳಿಯಿತು. ಅಷ್ಟು ಭಾರವಿತ್ತೆಂದು ಇಳಿದ ಮೇಲೆ ತಿಳಿದದ್ದು.

ಅಪ್ಪ ಮಾತ್ರ ಮೇಜಿನ ಮೇಲಿನ ಚಿತ್ರವನ್ನೇ ನೋಡುತ್ತಿದ್ದರು. ಅವರ ಚೌಕ, ಪಕ್ಕದಲ್ಲಿ ನಿಮ್ಮ ವೃತ್ತ.

"ಹಾಗಾದ್ರೆ ನಮ್ಮಿಬ್ಬರಲ್ಲಿ ಭಾನುಗೊಬ್ಬಳಿಗೇನಾ?" ಎಂದು ಕೇಳಿದರು.

ರಂಜನಿ, "ಹೌದು ಸಾರ್" ಎಂದರು.

"ಅವಳಿಗೊಬ್ಬಳಿಗೇ" ಎಂದರು ಅಪ್ಪ. ಖುಷಿಪಡಬೇಕಾದ ಜಾಗದಲ್ಲಿ ಅವರ ಮುಖ ಹಾಗಾದದ್ದನ್ನು ನಾನು ಎಂದೂ ನೋಡಿರಲಿಲ್ಲ. ಹೊರಗೆ ಬಂದ ಮೇಲೆ ಅಮ್ಮ ಮನೆಗೆ ಹೋಗಿ ಪಾಯಸ ಮಾಡೋಣ ಎಂದಳು. ಅಪ್ಪ ಇನ್ನೊಂದು ಆಟೋ ಕರೆದು, "ಸರಸ್ವತಿಪುರಂ" ಎಂದರು. ಅಲ್ಲಿಂದ ಮುಂದಿನದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ನಾನು ಕೇಳುವುದೂ ಇಲ್ಲ.

ನಾವು ಏಳುವ ಮೊದಲು ರಂಜನಿ ನನ್ನನ್ನು ಒಂದು ಮಾತು ಕೇಳಿದ್ದರು. "ಅಪ್ಪನಲ್ಲಿ ಸಿಕ್ಕಿದ್ದಿದ್ರೆ ನೀವು ಮಾಡಿಸಿಕೊಳ್ತಿದ್ರಾ?" "ಖಂಡಿತ" ಎಂದೆ. ತಡವರಿಸಲೇ ಇಲ್ಲ. ಅಶೋಕಪುರಂ ದಾಟುವ ಹೊತ್ತಿಗೆ ನನ್ನ ಬಗ್ಗೆ ನನಗೇ ಅನುಮಾನ ಬಂತು. ಇನ್ನು ಬೆಲೆ ತೆರಬೇಕಾಗಿಲ್ಲ ಎಂದು ಗೊತ್ತಾದ ಮೇಲೆ ಖಂಡಿತ ಎನ್ನುವುದು ಎಷ್ಟು ಸುಲಭ! ಜೂನ್‌ನಿಂದ ಇದೊಂದನ್ನೇ ಯೋಚಿಸುತ್ತಿದ್ದೇನೆ, ಅತ್ತೆ. ಕೊನೆಗೆ ನಾನು ನಿರ್ಧಾರ ಮಾಡಲಿಲ್ಲ. ನಿರ್ಧಾರವೇ ನನ್ನನ್ನು ಬಿಟ್ಟು ಮುಂದೆ ಹೋಯಿತು.

ಅದು ಎಲ್ಲಿಗೆ ಹೋಯಿತೆಂದು ನಿನ್ನೆ ತಿಳಿಯಿತು. ಲಹರಿ ಫೋನ್ ಮಾಡಿದ್ದಳು.

"ಅಮ್ಮ ಎಲ್ಲಾ ಹೇಳಿದ್ಲು" ಎಂದಳು. "ಚಿತ್ರ ಬರೆದು ಪಾಠ ಮಾಡಿದ್ಲು. ಮಧ್ಯೆ ಪ್ರಶ್ನೆ ಬೇರೆ ಕೇಳ್ತಾಳೆ, ಅರ್ಥ ಆಯ್ತಾ ಇಲ್ವಾ ಅಂತ."

"ಆಯ್ತಾ?"

"ನೀನು ಪಾರಾದೆ, ನಾನು ಆಗಿಲ್ಲ. ಅಷ್ಟು ಅರ್ಥ ಆಯ್ತು. ಹೊಟ್ಟೆಕಿಚ್ಚಾಯ್ತು ಕಣೆ ಸುಚಿ, ನಿಜ ಹೇಳ್ತೀನಿ."

"ಆಗ್ಲಿ ಬಿಡು. ನಂಗೂ ಆಗ್ತಿತ್ತು."

"ಒಂದು ಕೇಳ್ತೀನಿ, ಸುಳ್ಳು ಹೇಳ್ಬೇಡ. ಮಾವನಿಗೆ ಇದ್ದಿದ್ರೆ ನೀನು ಮಾಡಿಸ್ಕೊತಿದ್ಯಾ?"

ಅದೇ ಪ್ರಶ್ನೆ. ಖಂಡಿತ ಎಂಬ ಮಾತು ಬಾಯಿಗೆ ಬಂತು, ನುಂಗಿದೆ. "ಗೊತ್ತಿಲ್ಲ ಕಣೆ. ಎರಡು ತಿಂಗಳು ಸುಮ್ಮನೆ ಓಡಾಡಿದೆ. ಇನ್ನೂ ಓಡಾಡ್ತಿದ್ನೇನೋ. ಗೊತ್ತಿಲ್ಲ."

ಆ ಕಡೆ ಕುಕ್ಕರ್ ಕೂಗಿತು. ಅವಳು ಹೋಗಿ ಒಲೆ ಆರಿಸಿ ಬಂದಳು.

"ಸದ್ಯ" ಎಂದಳು. "ಇವರೂ ಮಾಡಿಸ್ಕೋ ಅಂತಾರೆ, ಅಭಿರಾಮನೂ ಮಾಡಿಸ್ಕೋ ಅಂತಾನೆ. ಅವನ್ದು ಅವನು ಮಾಡಿಸ್ಕೊಳ್ಳಲ್ವಂತೆ, ಅದು ಬೇರೆ. ಅಮ್ಮ ಏನೂ ಹೇಳಲ್ಲ, ಮುಖ ನೋಡ್ತಾಳೆ. ಗೊತ್ತಿಲ್ಲ ಅಂದವಳು ನೀನೊಬ್ಳೇ. ಬುಧವಾರ ಬರ್ತೀನಿ, ಆ ಡಾಕ್ಟರ್ ಹತ್ರ ಕರ್ಕೊಂಡ್ ಹೋಗು."

"ಬಾ."

"ರಕ್ತ ಕೊಡೋಕಲ್ಲ, ಸುಮ್ನೆ ಕೇಳೋಕೆ."

"ಸರಿ."

"ಕೊಟ್ರೂ ಕೊಡ್ಬೋದು."

ಬುಧವಾರಕ್ಕೆ ರಜೆ ಹಾಕಿದ್ದೇನೆ, ಅತ್ತೆ. ನೀವು ಬರುವುದು ಬೇಡ, ನೀವಿದ್ದರೆ ಅವಳು ನಿಮಗೋಸ್ಕರ ಕೈ ಚಾಚಿಬಿಡುತ್ತಾಳೆ. ನಾನು ಅವಳಿಗೆ ಮಾಡಿಸಿಕೋ ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಕೊಡುವುದಾದರೆ ಅವಳ ಇನ್ನೊಂದು ಕೈ ಹಿಡಿದುಕೊಳ್ಳುತ್ತೇನೆ. ಕೊಡದೆ ಎದ್ದರೆ, ನಾನೂ ಅವಳ ಜೊತೆಗೇ ಏಳುತ್ತೇನೆ.

ನಿಮ್ಮ
ಸುಚಿ